ಮಗ್ಗುಲು, ಮಗ್ಗಿ

ತ್ಯಾಮಗೊಂಡ್ಲು ಹೋಬಳಿಯ ಒಂದು ಸಣ್ಣ ಸರ್ಕಾರಿ ಶಾಲೆಗೆ ನಾನು ಮುಖ್ಯೋಪಾಧ್ಯಾಯಿನಿ. ಇರುವುದು ಇಬ್ಬರೇ: ನಾನು, ಮತ್ತು ನನ್ನ ಅರ್ಧ ವಯಸ್ಸಿನ ಅತಿಥಿ ಶಿಕ್ಷಕಿ. ನನಗೆ ಮೂಗಿನ ತುದಿಯಲ್ಲೇ ಕೋಪ. ಅವಳಿಗೆ ಅದರ ಹೆದರಿಕೆಯೇ ಇಲ್ಲ. ಈಗ ಹೇಳುವ ವಿಷಯದಲ್ಲಿ ದಡ್ಡಿ ನಾನೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಒಂದು ಮಧ್ಯಾಹ್ನ ಬಿಸಿಯೂಟದ ಸಾಲಿನಲ್ಲಿ ಮೂರನೇ ತರಗತಿಯ ಹುಡುಗಿಯೊಬ್ಬಳು ತಟ್ಟೆ ಸಮೇತ ಕುಸಿದಳು. ಕೈಕಾಲು ಸೆಟೆದು ಅದುರತೊಡಗಿದವು, ಬಾಯಲ್ಲಿ ನೊರೆ. ನಾನು ಓಡಿಹೋಗಿ, ಸೊಂಟಕ್ಕೆ ಸಿಕ್ಕಿಸಿದ್ದ ಶಾಲೆಯ ಬೀಗದಕೈ ಗೊಂಚಲನ್ನು ಅವಳ ಅಂಗೈಗೆ ತುರುಕಿ, ಮುಷ್ಟಿಯನ್ನು ಅದುಮಿ ಹಿಡಿದೆ. ಕಬ್ಬಿಣ ಹಿಡಿಸಿದರೆ ಮೂರ್ಛೆ ನಿಲ್ಲುತ್ತದೆ ಎಂದು ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಸ್ವಲ್ಪ ಹೊತ್ತಿಗೆ ಅದು ತಾನಾಗಿಯೇ ನಿಂತಿತು. ಮುಷ್ಟಿ ಬಿಡಿಸಿ ನೋಡಿದರೆ ಅಂಗೈ ಕೊಯ್ದು ರಕ್ತ. ಅದು ನನ್ನ ಬೀಗದಕೈ ಮಾಡಿದ ಗಾಯ.

ಮಾರನೇ ದಿನದಿಂದ ಮಕ್ಕಳು ಅವಳ ಪಕ್ಕ ಕೂರಲಿಲ್ಲ. "ಅಂಟ್ಕೊಳ್ಳುತ್ತಂತೆ ಮೇಡಂ" ಅಂದರು. ಅವಳು ನೀರಿನ ಟ್ಯಾಂಕಿನ ಹತ್ತಿರ ಒಬ್ಬಳೇ ಕೂತು ಉಣ್ಣುತ್ತಿದ್ದಳು. ವಾರ ಕಳೆಯುವುದರೊಳಗೆ ಅವಳ ಅಪ್ಪ ಡೇರಿಗೆ ಹಾಲು ಹಾಕಿ, ಖಾಲಿ ಕ್ಯಾನಿನ ಸಮೇತ ಆಫೀಸಿಗೆ ಬಂದ.

"ಟೀಸಿ ಕೊಟ್ಬಿಡಿ ಮೇಡಂ. ಡಾಕ್ಟ್ರು ಮಾತ್ರೆ ಕೊಟ್ಟವ್ರೆ, ದಿನಾ ನುಂಗ್ತಾಳೆ. ಆದ್ರೂ ಒಂದೊಂದ್ಸಲ ಬಂದ್ಬಿಡುತ್ತೆ. ಎಲ್ರ ಬಾಯಿಗೂ ಬೀಳೋ ಬದ್ಲು ಮನೇಲೇ ಇರ್ಲಿ."

ಮನೆಯಲ್ಲೇ ಇರಲಿ ಅಂದರೆ ಓದು ಮುಗಿಯಿತು ಅಂತಲೇ. ಗೊತ್ತಿದ್ದೂ ನಾನು ಟೀಸಿ ಪುಸ್ತಕಕ್ಕೆ ಕೈ ಹಾಕಿದೆ. ತಡೆದವಳು ನಮ್ಮ ಟೀಚರು. "ಎಂಟು ದಿನ ಟೈಮ್ ಕೊಡಿ ಅಣ್ಣ. ಆಮೇಲೂ ಬೇಕು ಅಂದ್ರೆ ನಾನೇ ಮೇಡಂ ಹತ್ರ ಸೈನ್ ಹಾಕಿಸ್ಕೊಡ್ತೀನಿ." ನನ್ನನ್ನು ಒಂದು ಮಾತೂ ಕೇಳದೆ! ಮೈಯೆಲ್ಲ ಉರಿದುಹೋಯಿತು.

ಮರುದಿನ ತರಗತಿಗೆ ಹೋಗಿ ನೋಡಿದರೆ, ಈ ಪುಣ್ಯಾತ್ಗಿತ್ತಿ ಇಸ್ತ್ರಿ ಸೀರೆಯಲ್ಲೇ ನೆಲದ ಮೇಲೆ ಬಿದ್ದುಕೊಂಡಿದ್ದಾಳೆ! ಇಬ್ಬರು ಮಕ್ಕಳು ಅವಳನ್ನು ಹೊರಳಿಸುತ್ತಿದ್ದಾರೆ. ಆ ಹುಡುಗಿಯೇ ಪಕ್ಕದಲ್ಲಿ ನಿಂತು, "ಅದುಮ್ಬೇಡ್ರೋ, ನೋಯುತ್ತೆ" ಎಂದು ತಿದ್ದುತ್ತಿದ್ದಾಳೆ.

"ಏನ್ರೀ ಇದು ನಾಟಕ?" ಎಂದು ಗದರಿದೆ.

"ಪಾಠ ಮೇಡಂ," ಮಲಗಿದ್ದಲ್ಲಿಂದಲೇ ಅಂದಳು. "ಮಗ್ಗುಲು, ಮಗ್ಗಿ."

ಮೊದಲು ಮಗ್ಗುಲಿಗೆ ತಿರುಗಿಸಬೇಕು, ತಲೆಯಡಿ ಮೆತ್ತಗಿನದೇನಾದರೂ ಇಡಬೇಕು. ಅದುಮಿ ಹಿಡಿಯಬಾರದು, ಕೈಗೆ ಕಬ್ಬಿಣ ಹಿಡಿಸಬಾರದು, ಬಾಯಿಗೆ ಏನೂ ಹಾಕಬಾರದು. ಆಮೇಲೆ ಮಗ್ಗಿ. ಮಕ್ಕಳ ಕೈಯಲ್ಲಿ ಗಡಿಯಾರವಿಲ್ಲ. ಗೋಡೆ ಗಡಿಯಾರಕ್ಕೆ ಸೆಲ್ ಹಾಕಿಸದೆ ಎಷ್ಟು ಕಾಲವಾಯಿತೋ, ಅದೂ ನನ್ನ ತಪ್ಪೇ. ಎರಡರಿಂದ ಶುರುಮಾಡಿ ನಿಧಾನವಾಗಿ ಹೇಳಿದರೆ ಹತ್ತರ ಮಗ್ಗಿ ಮುಗಿಯುವಾಗ ಐದು ನಿಮಿಷ. ಅವಳು ಮೊಬೈಲ್ ಇಟ್ಟುಕೊಂಡು ಅಳೆದಿದ್ದಳು. ಅಷ್ಟರೊಳಗೆ ನಿಲ್ಲದಿದ್ದರೆ 108ಕ್ಕೆ ಫೋನು. "ಅಂಟುತ್ತಾ?" ಎಂದು ದಿನಾ ಕೇಳುವಳು. "ಇಲ್ಲಾ ಮಿಸ್!" ಎಂದು ಹೆಂಚು ಹಾರಿಹೋಗುವಂತೆ ಕೂಗುವರು. ನನಗೆ ಬಹಳ ಮೆಚ್ಚುಗೆಯಾಯಿತು, ಆದರೆ ಬಾಯಿಬಿಟ್ಟು ಹೇಳಲಿಲ್ಲ. ನನ್ನ ಸೊಕ್ಕು.

ಎಂಟನೇ ದಿನ ಬೆಳಿಗ್ಗೆ ಹುಡುಗಿಯ ಅಪ್ಪ ಟೀಸಿಗೆ ಅರ್ಜಿ ಹಿಡಿದು ಬಂದ. ಪ್ರಾರ್ಥನೆ ಮುಗಿದು ಮಕ್ಕಳು ಇನ್ನೂ ಅಂಗಳದಲ್ಲಿದ್ದರು. ಟೀಚರ ಬಸ್ಸು ಬಂದಿರಲಿಲ್ಲ. ಅವನ ಕಣ್ಣೆದುರಿಗೇ ಮಗಳು ಬಿದ್ದಳು.

ಅವನು ಅವಳ ಕೈಗೆ ಹಿಡಿಸಲು ಬೈಕಿನ ಕೀ ಕಿತ್ತುಕೊಂಡು ಓಡಿದ. ನನ್ನ ಕೈಯೂ, ನಾಚಿಕೆಯಾಗಬೇಕು, ಸೊಂಟದ ಬೀಗದಕೈಗೇ ಹೋಯಿತು. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ನಮ್ಮಿಬ್ಬರಿಗೂ ಅಡ್ಡ ನಿಂತಳು. "ಕೀ ಬೇಡ. ಗಾಯ ಆಗುತ್ತೆ."

ಇಬ್ಬರು ಮಕ್ಕಳು ಬಿದ್ದವಳನ್ನು ಮಗ್ಗುಲಿಗೆ ತಿರುಗಿಸಿದರು. ಒಬ್ಬಳು ಸ್ವೆಟರ್ ಬಿಚ್ಚಿ ತಲೆಯಡಿ ಇಟ್ಟಳು. ಉಳಿದವರು ಮುತ್ತಿಕೊಳ್ಳದೆ, ದೂರ ಕೂತು ಶುರುಮಾಡಿದರು: ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು. ದನಿ ನಡುಗುತ್ತಿತ್ತು. ಆದರೂ ಒಬ್ಬರೂ ಅವಸರ ಮಾಡಲಿಲ್ಲ. ಮೂರರದ್ದು ಮುಗಿದು ನಾಲ್ಕರದ್ದು ಅರ್ಧಕ್ಕೆ ಬಂದಾಗ ಅದುರುವುದು ನಿಂತಿತು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಹುಡುಗಿ ಆಫೀಸಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಮಲಗಿ ಎದ್ದಳು. "ಎಷ್ಟರ ತನಕ ಹೋದ್ರಿ?" ಎಂದು ಗೆಳತಿಯರನ್ನು ಕೇಳಿದಳು.

"ನಾಲ್ಕರದ್ದು ಅರ್ಧ ಕಣೇ. ಒಬ್ರೂ ತಪ್ಪು ಹೇಳ್ಲಿಲ್ಲ."

ಅಷ್ಟು ಹೊತ್ತಿಗೆ ಬಸ್ಸಿಳಿದು ಬಂದ ಟೀಚರಿಗೆ ಎಲ್ಲ ಹೇಳಿ, "ನಿಮ್ಮ ಮುಂದೆ ನಾನೇನೂ ಅಲ್ಲ ಕಣ್ರೀ" ಅಂದೆ. ಅವಳು ಗಾಬರಿಯಲ್ಲಿ ಹುಡುಗಿಯ ಅಂಗೈ ಬಿಡಿಸಿ ನೋಡುತ್ತಿದ್ದಳು, ಹೊಸ ಗಾಯ ಇರಲಿಲ್ಲ.

ಅಪ್ಪ ಮಾತ್ರ ಬಾಗಿಲಲ್ಲೇ ನಿಂತಿದ್ದ, ಕೈಯಲ್ಲಿ ಅರ್ಜಿ ಮುದುರಿಹೋಗಿತ್ತು.

"ಮೇಡಂ, ನಂಗೆ ಐದರ ತನಕ ಬರುತ್ತೆ," ಅಂದ. "ಮುಂದಿಂದು ಒಂಚೂರು ಬರ್ಕೊಡ್ತೀರಾ? ಮನೇಲಿ ಬಂದ್ರೆ ಬೇಕಲ್ವಾ."

ಆ ಅರ್ಜಿಯನ್ನೇ ಇಸಿದುಕೊಂಡು, ಹಿಂಬದಿಯಲ್ಲಿ ಆರರಿಂದ ಹತ್ತರ ತನಕ ಬರೆದುಕೊಟ್ಟೆ.