ಶಿವಮೂರ್ತಿ ತನಗಾಗಿ ಬರೆದ ಅರ್ಜಿ

ಗುಂಡ್ಲುಪೇಟೆಯ ತಾಲ್ಲೂಕು ಕಚೇರಿಯ ಎದುರು, ಹೊಂಗೆ ಮರದ ಕೆಳಗೆ ಮಡಚುವ ಮೇಜು ಹಾಕಿಕೊಂಡು ಅರ್ಜಿ ಬರೆಯುವ ಶಿವಮೂರ್ತಿಯನ್ನು ನೀವು ನೋಡಿರಬಹುದು. ನೋಡಿಲ್ಲವಾದರೂ ನಷ್ಟವಿಲ್ಲ, ನಾನು ಹೇಳುತ್ತೇನೆ. ಅವನ ಮೇಜಿಗೂ ನನ್ನ ಜೆರಾಕ್ಸ್ ಅಂಗಡಿಗೂ ನಡುವೆ ಇರುವುದು ಒಂದು ಚರಂಡಿ ಮಾತ್ರ. ಇಪ್ಪತ್ತಾರು ವರ್ಷದಿಂದ ಅವನು ಬರೆಯುತ್ತಿದ್ದಾನೆ, ಹದಿನೈದು ವರ್ಷದಿಂದ ನಾನು ಅದರ ನಕಲು ತೆಗೆಯುತ್ತಿದ್ದೇನೆ. ಅಕ್ಷರ ಮುತ್ತು ಪೋಣಿಸಿದ ಹಾಗೆ. ಕಂಪ್ಯೂಟರಿನಲ್ಲಿ ಟೈಪು ಮಾಡುವ ಹುಡುಗರು ಬಂದ ಮೇಲೂ ಹಂಗಳ, ತೆರಕಣಾಂಬಿ ಕಡೆಯ ಹಳಬರು ಅವನನ್ನೇ ಹುಡುಕಿಕೊಂಡು ಬರುತ್ತಾರೆ.

ಅವನಿಗೆ ಒಂದು ನಂಬಿಕೆ ಇತ್ತು. ಮೊದಲು ತಪ್ಪು ಆಗಲಿ, ಆಮೇಲೆ ಅರ್ಜಿ ಹಾಕು, ಸರ್ಕಾರ ಸಕ್ರಮ ಮಾಡುತ್ತದೆ ಎನ್ನುವುದು. ಇದು ಅವನೊಬ್ಬನ ನಂಬಿಕೆ ಎಂದು ನಗಬೇಡಿ, ಇಡೀ ತಾಲ್ಲೂಕು ಬದುಕಿರುವುದು ಹೀಗೆಯೇ. ಗೋಮಾಳ ಉತ್ತವರು ಅರ್ಜಿ ಹಾಕಿ ಸಾಗುವಳಿ ಚೀಟಿ ಪಡೆದರು. ಹಳ್ಳದ ದಂಡೆಯಲ್ಲಿ ಮನೆ ಕಟ್ಟಿದವರು ಅರ್ಜಿ ಹಾಕಿ ಕರೆಂಟು ಪಡೆದರು. ಅವೆಲ್ಲ ಶಿವಮೂರ್ತಿಯ ಕೈಯಿಂದಲೇ ಹೋದವು. ಪ್ರತಿ ಅರ್ಜಿಯಲ್ಲೂ ಅವನು ತಪ್ಪದೆ ಮಾಡುವ ಕೆಲಸ ಎರಡು. ಎಲ್ಲಾದರೂ ಒಂದು ಕಡೆ ಓದಿದವರ ಕರುಳು ಚುರುಕ್ ಅನ್ನುವಂಥ ಒಂದು ಸಾಲು ಸೇರಿಸುವುದು. ಕೊಟ್ಟ ಮೇಲೆ ಸೀಲು, ನಂಬರು ಹಾಕಿಸಿಕೊಳ್ಳದೆ ಕೌಂಟರು ಬಿಟ್ಟು ಕದಲಬಾರದು ಎಂದು ಅರ್ಜಿದಾರನಿಗೆ ಹೇಳಿ ಕಳಿಸುವುದು.

ಅವನ ಮನೆ ಇರುವುದು ತೆರಕಣಾಂಬಿಯಲ್ಲಿ. ಮನೆಯಲ್ಲಿ ಹೆಂಡತಿ ಸಣ್ಣಮ್ಮ, ಒಬ್ಬಳೇ ಮಗಳು ತೇಜಸ್ವಿನಿ, ಮತ್ತೆ ಒಂದು ನಕ್ಷತ್ರ ಆಮೆ. ಮಗಳಿಗೆ ಮೂರು ವರ್ಷ ಇದ್ದಾಗ ಸಣ್ಣಮ್ಮ ಹುರುಳಿ ಕೀಳುವಾಗ ಸಿಕ್ಕಿತಂತೆ. ಆಗ ಅಂಗೈಯಗಲ ಇತ್ತು, ಈಗ ಊಟದ ತಟ್ಟೆಯಷ್ಟು ಉದ್ದ. ಕತ್ತಿನ ಸುಕ್ಕು ನೋಡಿ ಮಗು ಅದನ್ನು 'ಅಜ್ಜಿ' ಎಂದು ಕರೆಯಿತು, ಅದೇ ಹೆಸರು ನಿಂತಿತು. ಹಿತ್ತಲಲ್ಲಿ ಕಲ್ಲಿನ ಬಾನಿಯ ಪಕ್ಕ ಅದರ ಬಿಡಾರ. ತೇಜಸ್ವಿನಿ ದಾಸವಾಳದ ಹೂ ಹಿಡಿದು ಕೂತರೆ ಎಲ್ಲಿದ್ದರೂ ಬರುತ್ತಿತ್ತು. ಬೇರೆ ಯಾರು ಹಿಡಿದರೂ ಬರುತ್ತಿರಲಿಲ್ಲ. ಇದನ್ನು ನಾನೇ ಪರೀಕ್ಷೆ ಮಾಡಿ ಮುಖಭಂಗ ಅನುಭವಿಸಿದ್ದೇನೆ.

ಹೋದ ವರ್ಷ ತೇಜಸ್ವಿನಿ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ಆಯ್ಕೆಯಾದಳು. ಎರಡು ವರ್ಷ ದಿನಾ ಬೆಳಗ್ಗೆ ಓಡಿ, ಕಾಲಿನ ಉಗುರು ಎರಡು ಸಲ ಕಿತ್ತುಕೊಂಡು ಗಿಟ್ಟಿಸಿದ ಕೆಲಸ. ಇನ್ನು ಉಳಿದಿದ್ದು ನಡತೆಯ ಪರಿಶೀಲನೆ ಒಂದೇ. ಆದರೆ ಪರೀಕ್ಷೆಗೆ ಓದುವಾಗ ಕಾನೂನಿನ ಪುಸ್ತಕದಲ್ಲಿ ಅವಳ ಕಣ್ಣಿಗೆ ವನ್ಯಜೀವಿ ಕಾಯ್ದೆ ಬಿದ್ದಿತ್ತು. ಆವತ್ತಿನಿಂದ ಅವಳಿಗೆ ನಿದ್ದೆ ಸರಿ ಇರಲಿಲ್ಲ. ಆಯ್ಕೆ ಪಟ್ಟಿ ಬಂದ ಮೇಲೆ ಅಪ್ಪನ ಮುಂದೆ ಹೇಳಿಯೇ ಬಿಟ್ಟಳು.

"ಅಪ್ಪ, ಅಜ್ಜೀನ ಮನೇಲಿ ಮಡಿಕ್ಕೊಂಡಿರೋದೇ ತಪ್ಪು ಕಣಪ್ಪ. ಮೂರು ವರ್ಷಕ್ಕೆ ಕಮ್ಮಿ ಇಲ್ದಂಗೆ ಜೈಲಂತೆ. ಎನ್ಕ್ವಯಿರಿಗೆ ಬಂದೋರು ನೋಡ್ಬುಟ್ರೆ ನನ್ ಕೆಲ್ಸ ಓಯ್ತು."

ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಗೋಪಾಲಸ್ವಾಮಿ ಬೆಟ್ಟದ ದಾರಿಯ ಕಾಡಿನಲ್ಲಿ ಬಿಟ್ಟು ಬರೋಣವೆಂದರೆ ಅಲ್ಲಿ ಚೆಕ್‌ಪೋಸ್ಟು, ಚೀಲ ಬಿಚ್ಚಿ ನೋಡಿದರೆ ಅದೇ ಕೇಸು. ಹೊಲದಲ್ಲಿ ಬಿಡೋಣವೆಂದರೆ ನಾಯಿ, ಟ್ರ್ಯಾಕ್ಟರು. ಯಾರಿಗಾದರೂ ಕೊಡೋಣವೆಂದರೆ ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. ತೇಜಸ್ವಿನಿ ಹಿತ್ತಲಿಗೆ ಹೋಗುವುದನ್ನೇ ಬಿಟ್ಟಳು. ಆಮೆ ಅಡುಗೆಮನೆಯ ಹೊಸಿಲಿಗೆ ಬಂದು ಗೀಚುತ್ತಿತ್ತು. ಅವಳು ಬಾಗಿಲು ಹಾಕಿಕೊಂಡು ಕೂರುತ್ತಿದ್ದಳು.

ಇಂಥ ಹೊತ್ತಿನಲ್ಲಿ ಶಿವಮೂರ್ತಿ ಏನು ಮಾಡಿದ ಎನ್ನುತ್ತೀರಿ? ಅರ್ಜಿ ಬರೆದ.

"ನಾಯಿಗೆ ಲೈಸೆನ್ಸ್ ಅದೆ, ಬಂದೂಕಕ್ಕೆ ಲೈಸೆನ್ಸ್ ಅದೆ, ಆಮೆಗೆ ಯಾಕಿಲ್ಲ ಯೋಳ್ಲಾ ಸೋಮೇಶ? ಪರ್ಮಿಟ್ ತಕ್ಕಂಬುಟ್ರೆ ಮಗ್ಳಿಗೂ ತೊಂದ್ರೆಯಿಲ್ಲ, ಅದೂ ಮನೇಲೇ ಇರ್ತದೆ" ಎಂದು ಎರಡು ಹಾಳೆ ನನ್ನ ಮುಂದೆ ಇಟ್ಟ. ಮೂರು ಪ್ರತಿ ಬೇಕಂತೆ. ನಾನು ಓದಿದೆ. ಚೆನ್ನಾಗಿತ್ತು, ಅದೇ ಕಷ್ಟ. ವಿಷಯ: ನಕ್ಷತ್ರ ಆಮೆಯನ್ನು ಸಾಕಲು ಪರವಾನಗಿ ಕೋರಿ. ಇಪ್ಪತ್ತು ವರ್ಷದಿಂದ ತನ್ನ ಮನೆಯಲ್ಲಿದೆ, ಯಾರಿಗೂ ಮಾರಿಲ್ಲ, ಹಿಂಸೆ ಕೊಟ್ಟಿಲ್ಲ. ಕೆಳಗೆ ಅವನ ಮಾಮೂಲಿ ಸಾಲು: 'ನನ್ನ ಏಕೈಕ ಪುತ್ರಿ ತೇಜಸ್ವಿನಿಯು ಸದರಿ ಆಮೆಯನ್ನು ತನ್ನ ಮೂರನೇ ವಯಸ್ಸಿನಿಂದ ಇಂದಿನವರೆಗೂ ಒಡಹುಟ್ಟಿನಂತೆ ಸಾಕಿ ಸಲಹಿರುತ್ತಾಳೆ.' ಆಮೆಯ ಫೋಟೋ ಸಹ ಅಂಟಿಸಿದ್ದ.

ನನಗೆ ಅನುಮಾನ ಬಂತು. "ಮೊದ್ಲು ಬಾಯ್ ಮಾತಲ್ಲಿ ಕೇಳ್ಕಂಡ್ ಬಾ ಶಿವಮೂರ್ತಿ" ಎಂದೆ.

"ಬಾಯ್ ಮಾತ್ಗೆ ಬೆಲೆ ಇಲ್ಲ ಕಣ್ಲಾ" ಎಂದ.

ನಾನು ನಕಲು ತೆಗೆದುಕೊಟ್ಟೆ. ಕೈ ಹಿಡಿದು ಎಳೆದಿದ್ದರೆ ಬರುತ್ತಿದ್ದನೋ ಏನೋ. ಎಳೆಯಲಿಲ್ಲ. ಗಿರಾಕಿಗಳು ಕಾಯುತ್ತಿದ್ದರು.

ಅರಣ್ಯ ಇಲಾಖೆಯ ಕಚೇರಿಯ ಕೌಂಟರಿನಲ್ಲಿದ್ದ ಗುಮಾಸ್ತ ವಿಷಯದ ಸಾಲು ಓದಿ ಮೇಲೆ ನೋಡಿದನಂತೆ. "ಯಜಮಾನ್ರೇ, ಇದನ್ನ ವಾಪಸ್ ತಗೊಂಡು ಹೋಗಿ. ನೀವು ಕೊಟ್ಟಿಲ್ಲ, ನಾನು ನೋಡಿಲ್ಲ" ಎಂದನಂತೆ. ಪುಣ್ಯಾತ್ಮ ಇದಕ್ಕಿಂತ ಬಿಡಿಸಿ ಹೇಗೆ ಹೇಳಬೇಕು? ಶಿವಮೂರ್ತಿಗೆ ರೇಗಿತು. ಬಡವರ ಅರ್ಜಿ ತೆಗೆದುಕೊಳ್ಳದೆ ಅಟ್ಟುವ ಗುಮಾಸ್ತರನ್ನು ಅವನು ಜೀವಮಾನವೆಲ್ಲ ನೋಡಿದ್ದ. ಸೀಲು ಹಾಕುವವರೆಗೆ ಕದಲುವುದಿಲ್ಲ ಎಂದು ಒಂದು ಗಂಟೆ ನಿಂತ. ಗುಮಾಸ್ತ ಕೊನೆಗೆ ಸೀಲು ಒತ್ತಿ, ನಂಬರು ಬರೆದು, ರಿಜಿಸ್ಟರಿಗೆ ಏರಿಸಿದ. ಶಿವಮೂರ್ತಿ ಗೆದ್ದವನ ಹಾಗೆ ಬಂದು ನನಗೆ ಟೀ ಕುಡಿಸಿದ. ಬೇಲಿಯಲ್ಲಿ ಹೋಗುವ ಓತಿಕ್ಯಾತವನ್ನು ಕಿವಿಗೆ ಬಿಟ್ಟುಕೊಂಡದ್ದು ಅವನಿಗೆ ತಿಳಿದದ್ದು ಮೂರು ದಿನದ ಮೇಲೆ.

ನಾಲ್ಕನೇ ದಿನ ಇಲಾಖೆಯ ಜೀಪು ತೆರಕಣಾಂಬಿಗೆ ಹೋಯಿತು. ಆಮೆಯನ್ನು ಪೆಟ್ಟಿಗೆಯಲ್ಲಿಟ್ಟು ತಂದರು. ಅಪ್ಪ ಮಗಳಿಬ್ಬರಿಗೂ ಕಚೇರಿಗೆ ಬರಲು ಹೇಳಿದರು. ಸಾಕ್ಷಿಗೆ ಒಬ್ಬರು ಬೇಕೆಂದು ಶಿವಮೂರ್ತಿ ನನ್ನನ್ನು ಕರೆದ. ಅಂಗಡಿಗೆ ಬೀಗ ಹಾಕಿ ಹೋದೆ.

ಅಧಿಕಾರಿ ಶಿವರುದ್ರಸ್ವಾಮಿ ಒರಟನಲ್ಲ. ಕೂರಿಸಿ, ನೀರು ಕೊಟ್ಟು ಮಾತಾಡಿದರು. "ಮೈಸೂರಿನ ಅಂಗಡಿಯಲ್ಲಿ ಮಾರ್ತಾರಲ್ಲ, ಕೆಂಪು ಕಿವಿಯ ವಿದೇಶಿ ಆಮೆ, ಅದರ ಲೆಕ್ಕ ಬೇರೆ. ನಮ್ಮ ನೆಲದ ಈ ಆಮೆಗೆ ಪರವಾನಗಿ ಅನ್ನೋದೇ ಇಲ್ಲ. ಮೂಟೆಗಟ್ಟಲೆ ಕದ್ದು ಸಾಗಿಸ್ತಾರೆ. ನಿಮಗೊಂದು ಕಾಗದ ಕೊಟ್ರೆ ನಾಳೆ ಕಳ್ಳರೆಲ್ಲ ಮಗಳು ಸಾಕಿದ್ದು ಅಂತಾನೇ ಬರ್ತಾರೆ."

ಶಿವಮೂರ್ತಿ ತಲೆ ತಗ್ಗಿಸಿದ. "ಅರ್ಜಿ ವಾಪಸ್ ತಕತೀನಿ ಸಾರ್. ಆಮೆ ನೀವೇ ಮಡಿಕ್ಕಳಿ."

"ನೀವಾಗೇ ತಂದು ಒಪ್ಪಿಸಿದ್ರೆ ಮಾತೇ ಬೇರೆ ಇತ್ತು. ಇಪ್ಪತ್ತು ವರ್ಷ ಸಾಕಿದ್ದೀನಿ ಅಂತ ಸಹಿ ಹಾಕಿ ಕೊಟ್ಟಿದ್ದೀರಿ, ನಂಬರು ಬಿದ್ದಿದೆ. ಅದನ್ನ ಹರಿಯೋಕೆ ನನಗೂ ಅಧಿಕಾರ ಇಲ್ಲ." ಅವರು ಹಾಳೆಯ ಮೇಲೆ ಬೆರಳಿಟ್ಟರು. "ಇನ್ನೊಂದು. ಇದರಲ್ಲಿ ಎರಡು ಹೆಸರಿದೆ. ಸಾಕಿದವಳು ಮಗಳು ಅಂತ ನೀವೇ ಬರೆದಿದ್ದೀರಿ. ಹೆಸರಿದ್ದ ಮೇಲೆ ವಿಚಾರಣೆ ಮಾಡಲೇಬೇಕು."

ಶಿವಮೂರ್ತಿ ನನ್ನ ಕಡೆ ನೋಡಿದ. ತೇಜಸ್ವಿನಿ ಅಳಲಿಲ್ಲ. ಮೇಜಿನ ಅಂಚನ್ನು ಹಿಡಿದುಕೊಂಡು ಕೂತಿದ್ದಳು.

"ಅದು ಸುಳ್ಳು ಸಾರ್" ಎಂದ ಶಿವಮೂರ್ತಿ. "ಓದ್ದೋರ್ಗೆ ಕನಿಕರ ಬರ್ಲಿ ಅಂತ ನಾನೇ ಕಟ್ಟಿ ಬರ್ದದ್ದು. ನಾನು ಬರ್ಯೋ ಅರ್ಜಿಲೆಲ್ಲ ಇಂಥದ್ದು ಇರ್ತದೆ. ಮಗ್ಳು ಅದ್ರ ತಂಟೆಗೇ ಹೋದೋಳಲ್ಲ."

ಅವನು ಬರೆದ ಕನಿಕರದ ಸಾಲುಗಳಲ್ಲಿ ಎಷ್ಟು ನಿಜ, ಎಷ್ಟು ಕಟ್ಟಿದ್ದು ಎಂದು ನಾನು ಲೆಕ್ಕ ಇಟ್ಟವನಲ್ಲ. ಇದೊಂದು ಮಾತ್ರ ಅಕ್ಷರಶಃ ನಿಜ ಎಂದು ನನಗೆ ಗೊತ್ತಿತ್ತು.

ಶಿವರುದ್ರಸ್ವಾಮಿ ಎರಡು ಬಿಳಿ ಹಾಳೆ ಮುಂದಕ್ಕೆ ತಳ್ಳಿದರು. "ಹಾಗಿದ್ರೆ ಬರೆದು ಕೊಡಿ. ನಿಮ್ಮದೊಂದು ಹೇಳಿಕೆ, ಮಗಳದ್ದೊಂದು."

ತೇಜಸ್ವಿನಿ ತನ್ನ ಹಾಳೆಯನ್ನು ಅಪ್ಪನ ಕಡೆ ಸರಿಸಿದಳು. ಅವಳದ್ದನ್ನೂ ಶಿವಮೂರ್ತಿಯೇ ಬರೆದ. ಅದೇ ಮುತ್ತಿನಂಥ ಅಕ್ಷರ, ಒಂದು ಕಡೆಯೂ ಚಿತ್ತು ಇಲ್ಲ. ಬರೆದದ್ದನ್ನು ಸಹಿ ಹಾಕುವವರಿಗೆ ಓದಿ ಹೇಳಬೇಕು ಎಂದರು. ಓದಿದ.

"ಸದರಿ ಆಮೆಯನ್ನು ನಾನು ಸಾಕಿರುವುದಿಲ್ಲ. ಅದಕ್ಕೆ ಆಹಾರ ನೀಡಿರುವುದಿಲ್ಲ. ಅದರ ಪರಿಚಯವೇ ನನಗೆ ಇರುವುದಿಲ್ಲ."

ಅಷ್ಟರಲ್ಲಿ ಅಳತೆ ತೆಗೆಯಲೆಂದು ಸಿಬ್ಬಂದಿ ಆಮೆಯನ್ನು ನೆಲದ ಮೇಲೆ ಬಿಟ್ಟಿದ್ದರು. ಅದು ಸ್ವಲ್ಪ ಹೊತ್ತು ಚಿಪ್ಪಿನೊಳಗೇ ಇತ್ತು. ಆಮೇಲೆ ಕತ್ತು ಹೊರಗೆ ಹಾಕಿ, ನಮ್ಮೆಲ್ಲರ ಕಾಲು ದಾಟಿ, ನೇರವಾಗಿ ತೇಜಸ್ವಿನಿಯ ಕುರ್ಚಿಯ ಹತ್ತಿರ ಹೋಯಿತು. ಅವಳ ಹೆಬ್ಬೆರಳಿಗೆ ಮೂತಿ ತಾಗಿಸಿ ನಿಂತಿತು. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು. ಅದು ಕುರ್ಚಿಯ ಕೆಳಗೆ ನುಗ್ಗಿತು.

ಶಿವರುದ್ರಸ್ವಾಮಿ ಅದನ್ನು ನೋಡಿದರು. ನಂತರ ಅವಳನ್ನು ನೋಡಿ ಕೇಳಿದರು. "ಇದು ಗೊತ್ತೇನಮ್ಮ ನಿಮಗೆ?"

"ಇಲ್ಲ ಸಾರ್" ಎಂದಳು.

ಸಹಿ ಹಾಕಿದಳು. ಸಾಕ್ಷಿ ಎಂದಿದ್ದ ಕಡೆ ನಾನು ಹಾಕಿದೆ. ಹಾಕದೆ ಇದ್ದರೆ ಆ ಹುಡುಗಿ ಕಿತ್ತುಕೊಂಡ ಉಗುರಿಗೆ ಏನು ಅರ್ಥ? ಆಮೆಯನ್ನು ಮತ್ತೆ ಪೆಟ್ಟಿಗೆಗೆ ಹಾಕಿದರು, ಒಳಗಿನಿಂದ ಗೀಚುವ ಸದ್ದು ಬರುತ್ತಿತ್ತು. ಕೇಸು ಶಿವಮೂರ್ತಿಯ ಹೆಸರಿಗೆ ಮಾತ್ರ ಆಯಿತು. ಕರೆದಾಗ ಬರಬೇಕು ಎಂದು ನೋಟಿಸು ಕೊಟ್ಟು ಕಳಿಸಿದರು.

ಬಸ್ ನಿಲ್ದಾಣದವರೆಗೆ ಮೂವರೂ ನಡೆದೇ ಹೋದೆವು. "ನಿನ್ ಹೆಸ್ರು ಬರ್ನಿಲ್ವಲ್ಲ ಕಣಮ್ಮಿ, ಅಷ್ಟು ಸಾಕು ಬುಡು" ಎಂದ ಶಿವಮೂರ್ತಿ. ತೆರಕಣಾಂಬಿಯ ಬಸ್ಸು ಬಂತು. ಅರ್ಧಕ್ಕರ್ಧ ಖಾಲಿ ಇತ್ತು. ಅಪ್ಪ ಮಗಳು ಬೇರೆ ಬೇರೆ ಸೀಟಿನಲ್ಲಿ ಕೂತರು.