ಗೋಡೆಯ ಕೆಳಗಿನ ಒಂದು ಗೇಣು

“ನಾನು ಪಟ್ಟಿ ಕೂರಿಸಿದ ಗೋಡೆ ನೀರು ಕುಡಿಯೋದಿಲ್ಲ. ಸಮುದ್ರಾನೇ ತಂದು ನಡುಮನೆಗೆ ಸುರೀರಿ, ಮೀನಿಗೆ ಬೇಕಾದ್ರೆ ಶೀತ ಆಗಬಹುದು, ನನ್ನ ಗೋಡೆಗೆ ಆಗಲ್ಲ!”

ಗೇಣು ಮೇಸ್ತ್ರಿ ಈ ಮಾತನ್ನು ಎಷ್ಟು ಸಲ ಹೇಳಿದ್ದನೆಂದರೆ, ಅವನ ಓಣಿಯ ಕಾಗೆಗಳಿಗೂ ಅದು ಬಾಯಿಪಾಠವಾಗಿತ್ತು. ನೆಲವೂ ಗೋಡೆಯೂ ಕೂಡುವ ಕಡೆ ಕೋಣೆಯ ಸುತ್ತಲೂ ಒಂದು ಗೇಣೆತ್ತರಕ್ಕೆ ಟೈಲ್ಸಿನ ಪಟ್ಟಿ ಕೂರಿಸುವುದು ಅವನ ಕಸುಬು. ನೆಲ ತೊಳೆದ ನೀರು ಗೋಡೆಯ ಗಾರೆಗೆ ಸೇರದಂತೆ ಕಾಯುವ ಪಟ್ಟಿ ಅದು. ಆ ಗೇಣಿನಿಂದ ಮೇಲಿನ ಲೋಕ ಅವನಿಗೆ ಗೊತ್ತೇ ಇರಲಿಲ್ಲ. ಜೀವನವಿಡೀ ಮಂಡಿಯೂರಿ ಕೂತು ಕೂತು, ಜನರನ್ನೆಲ್ಲ ಹಿಮ್ಮಡಿಯಿಂದಲೇ ಗುರುತಿಸುತ್ತಿದ್ದ. ಒಮ್ಮೆ ಸ್ವಂತ ಭಾವಮೈದುನ ಎದುರಿಗೆ ನಿಂತು ಮಾತಾಡಿಸಿದರೆ, “ಸ್ವಲ್ಪ ಚಪ್ಪಲಿ ಬಿಡಿ, ಯಾರು ಅಂತ ನೋಡ್ತೀನಿ” ಅಂದನಂತೆ.

ಇಂಥವನ ಹೆಂಡತಿಗೆ ನೀರು ಸುರಿಯುವುದೇ ಹೊಟ್ಟೆಪಾಡು. ಈ ಕಥೆ ಅವಳದು.

ಅವಳು ಹುಟ್ಟಿ ಬೆಳೆದದ್ದು ಸಾಲು ಕೋಣೆಗಳ ಒಂದು ವಠಾರದಲ್ಲಿ. ಅಷ್ಟೂ ಮನೆಗೆ ಒಂದೇ ನಲ್ಲಿ. ಅದಕ್ಕೂ ನೆಗಡಿಯಾದ ಮಗುವಿನ ಮೂಗಿನಷ್ಟೇ ಧಾರೆ. ಒಂದು ಚೊಂಬು ನೀರಿನಲ್ಲಿ ಮುಖ ತೊಳೆದು, ಅದೇ ನೀರಿನಲ್ಲಿ ಪಾತ್ರೆ ಗಲಬರಿಸಿ, ಅದರಲ್ಲೇ ಬಟ್ಟೆ ಅದ್ದಿ ನೆಲ ಒರೆಸಿ, ಉಳಿದದ್ದನ್ನು ಹೊಸಿಲಿಗೆ ಚಿಮುಕಿಸಬೇಕು. ಹೊಸಿಲು ಸರಿಯಾಗಿ ನೆನೆಯದಿದ್ದರೆ ಅವ್ವನ ಬೈಗುಳ ಬೇರೆ. ಹೀಗೆ ಬೆಳೆದವಳಿಗೆ ಮುಂದೆ ಒಂದು ಲಾಡ್ಜಿನಲ್ಲಿ ನೆಲ ತೊಳೆಯುವ ಕೆಲಸ ಸಿಕ್ಕಿತು. ಮೊದಲ ದಿನ ಹಿತ್ತಲಿನ ನಲ್ಲಿ ತಿರುಗಿಸಿದಳು. ಬಕೆಟ್ಟು ತುಂಬಿತು. ತುಂಬಿದ ಮೇಲೂ ನೀರು ನಿಲ್ಲಲಿಲ್ಲ. ಅವಳು ಸೆರಗು ನೆನೆಯುವುದನ್ನೂ ಮರೆತು ನೋಡುತ್ತಾ ನಿಂತುಬಿಟ್ಟಳು.

ಅಂದಿನಿಂದ ಅವಳ ಕೈಗೆ ಲಗಾಮು ಇರಲಿಲ್ಲ. ಕಾರಿಡಾರಿನ ಈ ತುದಿಯಲ್ಲಿ ಬಕೆಟ್ಟು ಬೋರಲು ಹಾಕಿದಳೆಂದರೆ ಆ ತುದಿಯಲ್ಲಿ ಮಲಗಿದವರ ಚಪ್ಪಲಿಗಳು ದೋಣಿಯಾಗಿ ಹೊರಡುತ್ತಿದ್ದವು. ಆಮೇಲೆ ಉದ್ದ ಕೋಲಿನ ಮಾಪು ಹಿಡಿದು ಎಳೆದಳೋ, ನೆಲದ ಮೇಲೆ ಕೂತ ನೊಣ ಜಾರಿ ಸೊಂಟ ಮುರಿದುಕೊಳ್ಳಬೇಕು. ಬಂದವರು ಕೋಣೆಗೆ ಕನ್ನಡಿ ಕೇಳುವುದನ್ನೇ ಬಿಟ್ಟರು; ಬಗ್ಗಿ ನೆಲ ನೋಡಿ ತಲೆ ಬಾಚಿಕೊಂಡು ಹೊರಟರು. ಎಲ್ಲರ ಬಾಯಲ್ಲೂ ಅವಳು ಹೊಳೆಯಕ್ಕ.

ಮಾಲೀಕ ಕೆಳಗಿನ ಕಾರಿಡಾರಿಗೆ ಹೊಸ ನೆಲ ಹಾಕಿಸಿದಾಗ ಪಟ್ಟಿಯ ಕೆಲಸ ಗಂಡನಿಗೆ ಸಿಗಲೆಂದು ಅವಳೇ ಹಲ್ಲು ಗಿಂಜಿದಳು. “ನಮ್ಮ ಮನೆಯವರಿಗೇ ಕೊಡಿ ಸಾರ್. ನಾನು ಸುರಿಯೋ ನೀರು ಎಷ್ಟು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರತ್ತೆ?”

ಮೇಸ್ತ್ರಿ ಮಂಡಿಯಲ್ಲೇ ಕುದುರೆಯ ಹಾಗೆ ಓಡಿ ಕೆಲಸ ಮುಗಿಸಿದ. ಪಟ್ಟಿ ಗೆರೆ ಎಳೆದಂತೆ ಕೂತಿತು. ಮಾಲೀಕ ಬೆನ್ನು ತಟ್ಟಿದ. ಹೊಳೆಯಕ್ಕ ಎಂದಿನಂತೆ ನೀರು ಹೊಡೆದು ಮಾಪು ಎಳೆದಳು. ಮೂಲೆಯಲ್ಲಿ ತಿರುಗಿಸುವಾಗ ಅದರ ಕೋಲು ಪಟ್ಟಿಗೆ ತಾಗಿತು. ಡಬ್. ಮುಂದೆ ಹೋದಳು, ಬೇಕೆಂದೇ ತಾಗಿಸಿದಳು. ಡಬ್, ಡಬ್. ಗಟ್ಟಿ ಕೂತ ಪಟ್ಟಿಯ ಸದ್ದು ಟಕ್ ಅನ್ನಬೇಕೆಂದು ಅವಳಿಗೆ ಹೇಳಿಕೊಟ್ಟವನು ಗಂಡನೇ.

ಮನೆಗೆ ಬಂದವಳೇ ಕೇಳಿದಳು. “ಏನ್ರೀ, ಪಟ್ಟಿ ಹಿಂದೆ ಗಾರೆ ತುಂಬಿಲ್ವಾ?”

“ತುಂಬಿದೀನಿ.”

“ಡಬ್ ಅನ್ನತ್ತೆ.”

“ಒಂದೊಂದು ಟೈಲ್ಸಿನ ನಾಲ್ಕು ಮೂಲೆಗೆ ನಾಲ್ಕು ಉಂಡೆ ಗಾರೆ ಇಟ್ಟು ಒತ್ತಿದೀನಿ. ಮಾಲೀಕರಿಗೆ ಅವಸರ. ಸಾಕು ಅಷ್ಟು.”

“ಮಧ್ಯೆ ಖಾಲಿ ಅಲ್ವಾ? ಸಂದಿಯಿಂದ ಇಳಿದ ನೀರು ಒಳಗೇ ನಿಂತರೆ ಗೋಡೆ ಏನಾಗಬೇಕು?”

“ಲೇ, ಮಾಪು ಹಿಡಿಯೋಳು ಕರಣೆ ಹಿಡಿಯೋನಿಗೆ ಪಾಠ ಹೇಳಬೇಡ. ಬಿಡುವಾದಾಗ ಸಂದಿಯಿಂದ ಸಿಮೆಂಟು ಹಾಲು ಬಿಡ್ತೀನಿ, ಎಲ್ಲ ಕೂತ್ಕೊಳತ್ತೆ.”

ಆ ಬಿಡುವು ಹುಟ್ಟಲೇ ಇಲ್ಲ. ಗೋಡೆ ಮಾತ್ರ ತನ್ನ ಕೆಲಸ ನಿಲ್ಲಿಸಲಿಲ್ಲ. ಪಟ್ಟಿಯಿಂದ ಮೇಲಕ್ಕೆ ಗೋಡೆಯಲ್ಲಿ ಮೊದಲು ಒದ್ದೆಯ ನೆರಳು ಕಂಡಿತು. ಆಮೇಲೆ ಬಣ್ಣ ಬೊಬ್ಬೆ ಎದ್ದಿತು. ಬೊಬ್ಬೆ ಒಡೆದು ಗಾರೆ ಹಿಟ್ಟಿನಂತೆ ಉದುರಿತು. ಒದ್ದೆ ಮೊಣಕಾಲಿನ ಎತ್ತರಕ್ಕೆ ಹತ್ತಿದಾಗ ಮಾಲೀಕ ಇಬ್ಬರನ್ನೂ ಕರೆಸಿ ಅದೇ ಗೋಡೆಯ ಮುಂದೆ ನಿಲ್ಲಿಸಿದ.

“ಮೇಸ್ತ್ರಿ, ನೇರವಾಗಿ ಹೇಳು. ಇದು ನಿನ್ನ ಕೆಲಸದ ತಪ್ಪೋ, ಇವಳ ನೀರಿನ ತಪ್ಪೋ?”

ಹೊಳೆಯಕ್ಕ ಗಂಡನ ಮುಖ ನೋಡಿದಳು. ಅವಳಿಗೆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅದು ಅವನ ಬಾಯಿಂದ ಬರಲಿ ಎಂದು ಹಲ್ಲು ಕಚ್ಚಿ ಹಿಡಿದಳು. ಅವನು ಒಪ್ಪಿಕೊಂಡರೆ ಕಿತ್ತು ಸರಿಮಾಡಬೇಕಾಗುತ್ತದೆ, ಅಷ್ಟೇ. ಗಂಡಹೆಂಡಿರಿಬ್ಬರೂ ಕೆಲಸದಲ್ಲಿ ಉಳಿಯುತ್ತಾರೆ. ಊರಿಗೆಲ್ಲ ಎದೆ ಸೆಟೆಸಿ ಮಾತಾಡುವ ಮನುಷ್ಯ, ಇಷ್ಟು ಆಡಲಾರನೇ?

ಮೇಸ್ತ್ರಿ ಮಾಲೀಕನ ಚಪ್ಪಲಿ ನೋಡಿದ. ಹೆಂಡತಿಯ ಬರಿಗಾಲು ನೋಡಿದ.

“ನೀರು ಸ್ವಲ್ಪ ಜಾಸ್ತಿನೇ ಸಾರ್,” ಅಂದ. “ಯಾವ ಗೋಡೆ ತಾನೆ ತಡೆಯತ್ತೆ?”

ಸಮುದ್ರಕ್ಕೆ ಹೆದರದ ಗೋಡೆ ಬಕೆಟ್ಟಿಗೆ ಹೆದರಿತು. “ನಾಳೆಯಿಂದ ನೀನು ಬರಬೇಡಮ್ಮ,” ಅಂದ ಮಾಲೀಕ. ಹೊಳೆಯಕ್ಕ ಮಾಪನ್ನು ಹಿಂಡಿ, ಗೋಡೆಗೆ ಒರಗಿಸದೆ, ನೆಲದ ಮೇಲೆ ಅಡ್ಡ ಮಲಗಿಸಿ ಹೊರಟುಹೋದಳು.

ಕೆಟ್ಟ ಸುದ್ದಿಗೆ ಕಾಲಷ್ಟೇ ಅಲ್ಲ, ಬಸ್ಸಿನ ಚಕ್ರವೂ ಇರುತ್ತದೆ. ಅವಳು ಕೆಲಸ ಕೇಳಿಕೊಂಡು ಹೋದಲ್ಲೆಲ್ಲ ಅದು ಮುಂಚೆಯೇ ಹೋಗಿ ಕೂತಿರುತ್ತಿತ್ತು. “ಗೋಡೆ ಕೆಡಿಸ್ತೀಯಂತಲ್ಲಮ್ಮ, ನಿನ್ನ ಗಂಡನೇ ಹೇಳಿದನಂತೆ,” ಅನ್ನುವರು. ಗಂಡನೇ ಹೇಳಿದ ಮೇಲೆ ಸಾಕ್ಷಿ ಯಾರಿಗೆ ಬೇಕು? ಮನೆಯಲ್ಲಿ ಕೂತಳು. ಮತ್ತೆ ಒಂದು ಚೊಂಬು ನೀರಿನಲ್ಲಿ ಒಂದು ಕೋಣೆ ಒರೆಸುವ ಬಾಳು. ಮೇಸ್ತ್ರಿ ಕೆಲವು ದಿನ ತಟ್ಟೆಯೊಳಗೆ ತಲೆ ಹುದುಗಿಸಿ ಉಂಡ. ಆಮೇಲೆ ತಲೆ ನಿಧಾನಕ್ಕೆ ಮೇಲೆದ್ದಿತು, ಬಾಯಿ ತೆರೆಯಿತು. ಜಗಲಿಯಲ್ಲಿ ಅವನ ಸಮುದ್ರ ಮತ್ತೆ ಉಕ್ಕಿತು. ಒಳಗೆ ಕೂತು ಕೇಳಿದವಳು ಚೊಂಬಿನ ನೀರಿಗೆ ಬಟ್ಟೆ ಅದ್ದಿ ಹಿಂಡಿದಳು.

ಲಾಡ್ಜಿನಲ್ಲಿ ಹೊಸಬಳೊಬ್ಬಳು ಬಟ್ಟೆಯನ್ನು ಜೀವ ಹೋಗುವಷ್ಟು ಹಿಂಡಿ ನೆಲ ಒರೆಸತೊಡಗಿದಳು. ನೆಲ ಮಂಕಾಯಿತು. ಗೋಡೆಯ ಒದ್ದೆಯಂತೂ ಕದಲಲಿಲ್ಲ. ಪಟ್ಟಿಯ ಹಿಂದಿನ ಟೊಳ್ಳಿನಲ್ಲಿ ಕೂಡಿದ್ದ ನೀರು ಹೊರಗೆ ಹೋಗಲು ದಾರಿಯೆಲ್ಲಿ? ಕಡೆಗೆ ಮಾಲೀಕ ಪಟ್ಟಿ ಕಿತ್ತು, ಗೋಡೆ ಒಣಗಲು ಬಿಟ್ಟು, ಹೊಸದಾಗಿ ಕೂರಿಸೆಂದು ಹೇಳಿದ. ಯಾರಿಗೆ? ಮೇಸ್ತ್ರಿಗೇ. ನೀರಿನ ತಪ್ಪೆಂದು ತೀರ್ಮಾನವಾದ ಮೇಲೆ ಮೇಸ್ತ್ರಿಯನ್ನು ಯಾಕೆ ಬದಲಾಯಿಸಬೇಕು? ಈ ಸಲ ಅವನು ಉಂಡೆ ಇಡಲಿಲ್ಲ. ಟೈಲ್ಸಿನ ಬೆನ್ನಿನುದ್ದಕ್ಕೂ ಗಾರೆ ಮೆತ್ತಿ, ಅಂಚಿನಿಂದ ಹೊರಗೆ ಉಕ್ಕುವವರೆಗೆ ಒತ್ತಿ ಕೂರಿಸಿದ.

ಅವತ್ತು ಕುಣಿಯುತ್ತಾ ಮನೆಗೆ ಬಂದ. “ಲೇ, ಏಳು. ಮಾಲೀಕರು ಕರೀತಿದಾರೆ. ಎದುರಿಗೇ ನೀರು ಸುರಿದು ತೋರಿಸಬೇಕಂತೆ. ಸುರಿಯೋಕೆ ಹೊಳೆಯಕ್ಕನೇ ಸರಿ ಅಂದ್ರು. ಗೋಡೆ ತಡೆದರೆ ನಿನ್ನ ಕೆಲಸ ನಿನಗೇ ವಾಪಸ್ಸು!”

“ಮಾಲೀಕರಿಗೆ ಹಳೇದು ಹೇಳಿದ್ರಾ?”

“ಹಳೇದನ್ನ ಯಾಕೆ ಕೆದಕ್ತೀಯ? ಒಂದು ಬಕೆಟ್ ನೀರು ತಾನೆ?”

ಅವಳು ಸೆರಗು ಸರಿಮಾಡಿಕೊಂಡು ಹಿಂದೆ ನಡೆದಳು.

ಕಾರಿಡಾರಿನಲ್ಲಿ ತುಂಬಿದ ಬಕೆಟ್ಟು ಕಾದಿತ್ತು. ಅದರ ಪಕ್ಕ ಅವಳ ಹಳೆಯ ಮಾಪು. ಅವಳು ಮೊದಲು ಮಾಪು ಎತ್ತಿದಳು. ಕೋಲಿನ ತುದಿಯಿಂದ ಪಟ್ಟಿಯನ್ನು ಈ ತುದಿಯಿಂದ ಆ ತುದಿಯವರೆಗೆ ಬಡಿಯುತ್ತಾ ಹೋದಳು. ಟಕ್. ಟಕ್. ಟಕ್. ಎಲ್ಲಿಯೂ ಡಬ್ ಇಲ್ಲ. ಕಲ್ಲಿನಂಥ ಕೆಲಸ. ಮೊದಲೇ ಹೀಗೆ ಮಾಡಲು ಬರುತ್ತಿತ್ತು ಇವರಿಗೆ ಎಂದುಕೊಂಡಳು.

“ಇದೇನಮ್ಮ ಬಡಿಯೋದು?” ಅಂದ ಮಾಲೀಕ.

“ಹಳೇ ಅಭ್ಯಾಸ ಸಾರ್.”

“ಸರಿ, ಸುರಿ. ಕೈ ಬಿಗಿ ಹಿಡೀಬೇಡ, ನಿನಗೆ ಬೇಕಾದಷ್ಟು ಸುರಿ.”

“ಸುರಿ ಸುರಿ,” ಮೇಸ್ತ್ರಿ ಎದೆ ಉಬ್ಬಿಸಿದ. “ಸಮುದ್ರಾನೇ ಸುರಿ!”

ಹೊಳೆಯಕ್ಕ ಬಕೆಟ್ಟಿನ ಹಿಡಿಕೆಗೆ ಕೈ ಹಾಕಿದಳು. ನೀರು ಅಂಚಿನವರೆಗೆ ತುಳುಕುತ್ತಿತ್ತು. ಒಂದು ಸಲ ಓರೆ ಮಾಡಿದರೆ ಅವಳ ಕಾರಿಡಾರು, ಅವಳ ನಲ್ಲಿ ಎಲ್ಲವೂ ಅವಳಿಗೆ ವಾಪಸ್ಸು. ಎತ್ತಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಮಾಲೀಕನ ಕಡೆ ತಿರುಗಿದಳು.

“ಅವತ್ತೂ ನಾನು ಸುರಿದಿದ್ದು ಇಷ್ಟೇ ನೀರು ಸಾರ್. ಇದನ್ನ ಯಾವ ಗೋಡೆನೂ ತಡೆಯಲ್ಲ ಅಂದೋರು ಇದೇ ಮೇಸ್ತ್ರಿ. ಈಗ ನಾನು ಸುರಿದ ಮೇಲೆ ಗೋಡೆ ನಿಂತರೆ, ಇವರ ಮಾತು ಬೀಳತ್ತೆ. ಎರಡರಲ್ಲಿ ಯಾವುದು ಬೀಳಬೇಕು ಅಂತ ಮೊದಲು ಇವರನ್ನ ಕೇಳಿ, ಆಮೇಲೆ ಬಕೆಟ್ ಎತ್ತುತ್ತೀನಿ.”