ಪರದೆ ಅಂಗಡಿಯಲ್ಲಿ ಒಂದು ಜಿಗ್

ದೋಹಾದ ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಟ್ಟ ಕೂಡಲೇ ಕನ್ನಡಕಕ್ಕೆ ಮಂಜು ಕವಿಯಿತು. ಸೆಪ್ಟೆಂಬರಿನ ಆ ಸೆಕೆಯನ್ನು ಮರೆತೇಬಿಟ್ಟಿದ್ದೆ. ಬೆಂಗಳೂರಿನಿಂದ ನಾಲ್ಕು ಗಂಟೆ ಚಿಲ್ಲರೆಯ ಹಾರಾಟ. ಮೈಸೂರಿನಿಂದ ಬೆಂಗಳೂರಿನ ವಿಮಾನ ನಿಲ್ದಾಣ ಮುಟ್ಟಲಿಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕಾಯಿತು. "ಐರಿಷ್ ಹಾಡು ಹಿಡಿಯೋಕೆ ಅರಬ್ ದೇಶಕ್ಕೆ ಹೋಗ್ತೀಯಲ್ಲ, ನಿನ್ನಂಥೋರು ಎಲ್ಲೂ ಸಿಗಲ್ಲ ಬಿಡು," ಎಂದು ಮನೆಯವರು ನಗುತ್ತಲೇ ಕಳಿಸಿಕೊಟ್ಟಿದ್ದರು. ನಗಲಿ. ನಾನು ಬಂದದ್ದು ಒಂದೇ ಕೆಲಸಕ್ಕೆ, ಅದನ್ನು ಮುಗಿಸದೆ ಹಿಂದಿರುಗುವ ಮಾತೇ ಇರಲಿಲ್ಲ.

ಹಿಂದೆ ನಾವು ಇಲ್ಲಿ ಅಲ್ ಸದ್ದ್‌ನ ಫ್ಲ್ಯಾಟಿನಲ್ಲಿದ್ದಾಗ ಪಕ್ಕದ ಮನೆಯಲ್ಲಿ ಮೊಯ್ರಾ ಇದ್ದರು. ಐರ್ಲೆಂಡಿನವರು, ಶಾಲೆಯಲ್ಲಿ ಸಂಗೀತದ ಟೀಚರ್. ಪಿಟೀಲು ಕಲಿತಿದ್ದ ನನ್ನ ಕೈಗೆ ನಾಲ್ಕು ತಂತಿಯ ಬ್ಯಾಂಜೊ ಕೊಟ್ಟವರು ಅವರು. ಕಂಜಿರದಂತೆ ಚರ್ಮ ಬಿಗಿದ ಗುಂಡು ಮೈ, ಉದ್ದ ಕತ್ತು. ಈಗ ಅವರ ಬೆರಳುಗಳು ಸಂಧಿವಾತದಿಂದ ಮಡಚಿಕೊಂಡಿವೆ. ಮುಂದಿನ ವಾರ ಊರಿಗೆ ಹೊರಟಿದ್ದಾರೆ. ಅಪ್ಪನಿಂದ ಕಲಿತ ಒಂದು ಜಿಗ್, ಅಂದರೆ ಕುಣಿತದ ಧಾಟಿ, ನನಗೆ ಅಂದು ಕಲಿಸಿದ್ದು ಬಿಟ್ಟರೆ ಅವರೊಬ್ಬರಿಗೇ ಗೊತ್ತು. ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ಅವರೆದುರೇ ನುಡಿಸಿ, ಅವರು ಸರಿಯೆಂದ ಮೇಲೆ ಧ್ವನಿಮುದ್ರಿಸಿಕೊಳ್ಳಬೇಕಿತ್ತು.

ನಿಲ್ದಾಣಕ್ಕೆ ಹಮೀದಣ್ಣ ಬಂದಿದ್ದರು. ಪುತ್ತೂರು ಕಡೆಯ ಬ್ಯಾರಿಗಳು, ಪರದೆ ಅಂಗಡಿ ಇಟ್ಟವರು. ನಮ್ಮ ಹಳೆಯ ಫ್ಲ್ಯಾಟಿಗೆ ಪರದೆ ಹೊಲಿಸಿಕೊಟ್ಟಂದಿನಿಂದ ಪರಿಚಯ. "ಎಂತ ಅಕ್ಕ, ಇಷ್ಟು ಸಣ್ಣ ಬ್ಯಾಗಾ? ಉಪ್ಪಿನಕಾಯಿ ಎಂತದೂ ತರ್ಲಿಲ್ವಾ?" ಎಂದರು. ಅಲ್ ಥುಮಾಮಾದ ಅವರ ಮನೆಯಲ್ಲೇ ಉಳಿದೆ. ಅವರ ಹೆಂಡತಿ ಮಾಡಿದ ಅಕ್ಕಿ ರೊಟ್ಟಿ, ಕಡಲೆ ಗಸಿ ತಿಂದು, ಟ್ಯಾಕ್ಸಿ ಹಿಡಿದು ಐನ್ ಖಾಲಿದ್‌ಗೆ ಹೊರಟೆ. ಮೊಯ್ರಾ ಈಗಿರುವುದು ಅಲ್ಲಿ.

ಮನೆ ತುಂಬ ರಟ್ಟಿನ ಪೆಟ್ಟಿಗೆಗಳು. ಬ್ಯಾಂಜೊ ಒಂದೇ ಹೊರಗಿತ್ತು. ನುಡಿಸಲು ಕೂತರೆ ಎ.ಸಿ.ಯ ಗುಂಯ್‌ಗುಡುವಿಕೆ ಮೈಕಿಗೆ ಬರುತ್ತದೆ. ಆರಿಸಿದರೆ ತೇವಕ್ಕೆ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ನನ್ನ ಕೈಯದೇ. ಈ ಸಂಗೀತದಲ್ಲಿ ಪ್ರತಿ ಅರ್ಧವನ್ನು ಎರಡು ಸಲ, ಇಡೀ ಧಾಟಿಯನ್ನು ಮೂರು ಸುತ್ತು ನುಡಿಸಿ ತಟ್ಟನೆ ನಿಲ್ಲಿಸಬೇಕು, ಅಷ್ಟೇ. ನನ್ನ ಕೈ ಕೇಳಬೇಕಲ್ಲ! ನಮ್ಮ ಸಂಗೀತ ಕಚೇರಿಯಲ್ಲಿ ಮಾಡುವಂತೆ ಕೊನೆಯ ಸಾಲನ್ನು ಮೂರು ಸಲ ಹೇಳಿ, ಮುಕ್ತಾಯ ಕೊಟ್ಟೇ ಏಳುತ್ತಿತ್ತು.

"ಮತ್ತೆ ಪೊಟ್ಟಣ ಕಟ್ಟಿದೆ ನೋಡು," ಎಂದು ಮೊಯ್ರಾ ಗದರಿದರು. "ಇದು ಅಂಗಡಿಯಲ್ಲ. ಸುಮ್ಮನೆ ನಿಲ್ಲಿಸು."

ಸಂಜೆಯವರೆಗೆ ಅದೇ ಆಯಿತು. ನನಗೆ ಅಳು ಬರುವಷ್ಟು ಸಿಟ್ಟು ಬಂತು, ನನ್ನ ಮೇಲೆಯೇ. ರಾತ್ರಿ ಊಟಕ್ಕೆ ಕೂತಾಗ ಎ.ಸಿ.ಯ ಕಥೆ ಹೇಳಿದೆ. ಹಮೀದಣ್ಣ ರೊಟ್ಟಿ ಮುರಿಯುತ್ತ, "ನಮ್ಮ ಅಂಗಡಿ ಹಿಂದೆ ಸ್ಟೋರ್ ಉಂಟಲ್ಲ ಅಕ್ಕ. ಪೂರಾ ಬಟ್ಟೆ ರಾಶಿ, ಬೊಬ್ಬೆ ಹೊಡೆದ್ರೂ ಹೊರಗೆ ಕೇಳುದಿಲ್ಲ. ಎ.ಸಿ. ಎದುರಿನ ಕೋಣೆಯಲ್ಲಿ, ತಂಪು ಮಾತ್ರ ಒಳಗೆ ಬರ್ತದೆ. ನಾಳೆ ಶುಕ್ರವಾರ, ಜುಮ್ಮಾ ಮುಗಿಯುವವರೆಗೆ ಬಂದ್. ಆದ್ರೆ ಬಾಂಗ್ ಕೊಡುವ ಮೊದಲು ಖಲಾಸ್ ಮಾಡ್ಬೇಕು, ಮಸೀದಿ ಪಕ್ಕದಲ್ಲೇ," ಎಂದರು.

ಬೆಳಿಗ್ಗೆ ಪರದೆ ಬಟ್ಟೆಯ ಸುರುಳಿಗಳ ನಡುವೆ ಎರಡು ಸ್ಟೂಲು ಹಾಕಿ ನಾನೂ ಮೊಯ್ರಾ ಅವರೂ ಕೂತೆವು. ಸದ್ದೆಂದರೆ ತಂತಿಯದು ಮಾತ್ರ. ಮೊದಲು ಬೇಡದ ಗಮಕ ನುಸುಳಿತು. ಆಮೇಲೆ ಮುಕ್ತಾಯ. ಆಮೇಲೆ ಬೆರಳ ಬೆವರಿಗೆ ತಂತಿ ಮೀಟುವ ಪ್ಲೆಕ್ಟ್ರಮ್ ಜಾರಿತು. ಮತ್ತೆ, ಮತ್ತೆ. ಬಾಂಗಿನ ಹೊತ್ತು ಹತ್ತಿರವಾಗುತ್ತಿದ್ದಾಗ ಒಂದು ಸಲ ಎಲ್ಲವೂ ಕೂಡಿಬಂತು. ಎರಡು ಸುತ್ತು ಶುದ್ಧವಾಗಿ ದಾಟಿ ಮೂರನೆಯದಕ್ಕೆ ಹೊರಳಿದೆ. ಆಗ ಪಕ್ಕದಿಂದ ಒಂದು ಒಡಕು ದನಿ ಎದ್ದಿತು. ಮೊಯ್ರಾ ಕಣ್ಣು ಮುಚ್ಚಿ, ಅರ್ಥವಿಲ್ಲದ ಸೊಲ್ಲುಗಳಲ್ಲಿ ಅದೇ ಜಿಗ್ ಹಾಡುತ್ತಿದ್ದರು. ಅವರು ಹಾಡಿದ್ದನ್ನು ಅಷ್ಟು ವರ್ಷಗಳಲ್ಲಿ ನಾನು ಕೇಳಿರಲೇ ಇಲ್ಲ.

ಕೈಗೆ ಬಂದ ಧ್ವನಿಮುದ್ರಣ ಕೆಟ್ಟಿತು ಎಂದುಕೊಂಡೆ. ಆದರೆ ಕೈ ನಿಲ್ಲಿಸಲಿಲ್ಲ. ಮೂರು ಸುತ್ತು ಮುಗಿದರೂ ನಿಲ್ಲಿಸಲಿಲ್ಲ. ನಾಲ್ಕು, ಐದು, ಅವರು ಹಾಡುವಷ್ಟು ಹೊತ್ತೂ ನುಡಿಸಿದೆ. ಬಾಂಗ್ ಕೇಳಿಸಿದಾಗಲೇ ಇಬ್ಬರೂ ನಿಂತದ್ದು.

ಮೊಯ್ರಾ ನಾಚಿ ಕೆಂಪಾಗಿದ್ದರು. "ಅಳಿಸು. ಕಪ್ಪೆ ವಟಗುಟ್ಟಿದ ಹಾಗಿರುತ್ತದೆ."

"ಅಳಿಸುವುದಿಲ್ಲ," ಎಂದೆ. ಅವರಿಗೆ ನಾನು ಎದುರಾಡಿದ್ದು ಅದೇ ಮೊದಲು.

ಹೆಡ್‌ಫೋನ್ ತೆಗೆದು ಅವರ ಕಿವಿಗೆ ಇಟ್ಟೆ. ಕೊನೆಯವರೆಗೂ ಅಲುಗಾಡದೆ ಕೇಳಿದರು. ಆಮೇಲೆ, "ಅಪ್ಪ ಬ್ಯಾಂಜೊ ಮುಟ್ಟಿದವರೇ ಅಲ್ಲ. ಹಾಲು ಕರೆಯುವಾಗ ಬಾಯಲ್ಲೇ ಹೇಳುತ್ತಿದ್ದರು. ತಂತಿಗೆ ಹಾಕಿಕೊಂಡವಳು ನಾನು," ಎಂದರು. ಹೆಡ್‌ಫೋನ್ ಕಳಚಿ ನನ್ನ ಕೈಗಿಟ್ಟು, "ಇದು ಅವರ ಗಂಟಲು," ಎಂದರು.

ಮರುದಿನ ಹಮೀದಣ್ಣ ನಿಲ್ದಾಣಕ್ಕೆ ಬಿಟ್ಟುಹೋದರು. ಗೇಟಿನ ಬಳಿ ಕೂತು, ಗಾಜಿನಾಚೆ ಬಿಳಿಚಿದ ಆಕಾಶ ನೋಡುತ್ತಿದ್ದಾಗ ಮೊಯ್ರಾ ಫೋನ್ ಮಾಡಿದರು.

"ಅದನ್ನು ನನಗೂ ಕಳಿಸು. ಬ್ಯಾಂಜೊದ ಸದ್ದು ತೆಗೆದುಹಾಕಲು ಬರುತ್ತದೆಯೇ?"

ಒಂದೇ ಮೈಕಿನಲ್ಲಿ ಹಿಡಿದದ್ದು, ಬರುವುದಿಲ್ಲ ಎಂದೆ.

"ಪರವಾಗಿಲ್ಲ," ಎಂದರು ಮೊಯ್ರಾ. "ನೀನೂ ಅದರೊಳಗೆ ಇರು."